ದೊಡ್ಡ ಗಾಲಿಗೆ ಎಷ್ಟು ಹವಾ?

ಬೆಳಗಾವಿಯ ಕ್ಯಾಂಪಿನಲ್ಲಿ ಸೇನೆಯ ಗಾಡಿ ಕಣ್ಣಿಗೆ ಬೀಳದ ದಿನವಿಲ್ಲ. 1832ರಿಂದ ಇದು ದಂಡಿನ ಪ್ರದೇಶ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇಲ್ಲಿ ನೆಲೆ ನಿಂತು ನೂರು ವರ್ಷ ದಾಟಿದೆ. ಹಳೆಯ ಮರಗಳ ನೆರಳಿನ ರಸ್ತೆಯಲ್ಲಿ ಹಸಿರು ಬಣ್ಣದ ಜಿಪ್ಸಿಯೋ ಸ್ಟಾಲಿಯನ್ ಲಾರಿಯೋ ಪಕ್ಕಕ್ಕೆ ಬಂದು ನಿಂತರೆ, ಗಾಲಿಯ ಮೇಲಿನ ಮಡ್‌ಗಾರ್ಡಿನ ಕಡೆ ಒಮ್ಮೆ ನೋಡಬೇಕು. ಬಿಳಿ ಬಣ್ಣದಲ್ಲಿ ಟಿ.ಪಿ. ಎಂದು ಬರೆದು ಅದರ ಪಕ್ಕ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಟಾಯರ್ ಪ್ರೆಶರ್ ಇಷ್ಟಿರಬೇಕು ಎಂಬ ಅಪ್ಪಣೆ ಅದು. ಚಾಲಕ ಯಾರೇ ಇರಲಿ, ಹವಾ ಹೊಡೆಯುವವನು ಯಾರೇ ಇರಲಿ, ಯಾರನ್ನೂ ಕೇಳಬೇಕಾಗಿಲ್ಲ. ಸಂಖ್ಯೆ ಗಾಲಿಯ ನೆತ್ತಿಯ ಮೇಲೇ ಇದೆ.

ಖಾಸಗಿ ಗಾಡಿಗಳಿಗೂ ಇಂಥದೊಂದು ಬರಹ ಉಂಟು. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಅಂಟಿಸಿದ ಸಣ್ಣ ಚೀಟಿ ಕಾಣುತ್ತದೆ. ಟಾಯರಿನ ಅಳತೆ ಇಷ್ಟು, ಇಬ್ಬರು ಮೂವರು ಕೂತಾಗ ಹವಾ ಇಷ್ಟು, ಗಾಡಿ ತುಂಬಿದಾಗ ಹಿಂದಿನ ಗಾಲಿಗೆ ಇಷ್ಟು ಎಂದು ಕಂಪನಿಯವರು ಅದರಲ್ಲಿ ಬರೆದಿರುತ್ತಾರೆ. ಗಾಡಿಯ ತೂಕ, ಸ್ಪ್ರಿಂಗು, ಬ್ರೇಕು, ತಿರುವಿನಲ್ಲಿ ವಾಲುವ ಪರಿ ಎಲ್ಲವನ್ನೂ ಅಳೆದು ನೋಡಿ ಬರೆದ ಸಂಖ್ಯೆ ಅದು. ಆದರೆ ಅದು ಮಾತಾಡುವುದು ಕಂಪನಿ ಹಾಕಿ ಕೊಟ್ಟ ಟಾಯರಿನ ಬಗ್ಗೆ ಮಾತ್ರ. ಮಾಲೀಕರು ಆ ಟಾಯರ್ ತೆಗೆಸಿ ಅದಕ್ಕಿಂತ ದೊಡ್ಡದನ್ನು ಹಾಕಿಸಿದ ದಿನದಿಂದ ಚೀಟಿಯ ಮಾತು ಅರ್ಧಕ್ಕೆ ನಿಲ್ಲುತ್ತದೆ. ಉಳಿದರ್ಧವನ್ನು ಮಾಲೀಕರೇ ಹುಡುಕಿಕೊಳ್ಳಬೇಕು.

ಹುಡುಕುವವರು ಕಡಿಮೆ. ಖಾನಾಪುರ ರಸ್ತೆಯ ಯಾವುದೇ ಪಂಚರ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಇದು ಗೊತ್ತಾಗುತ್ತದೆ.

“ಎಷ್ಟ್ ಬಿಡ್ಲಿ ಸಾಹೇಬ್ರ?”

“ಟಾಯರ್ ದೊಡ್ಡದ ಹಾಕ್ಸೀನಲ್ಲಪಾ, ನಲವತ್ತ ಬಿಡು.”

ಅದರ ಹಿಂದೆಯೇ ಬಂದ ಇನ್ನೊಂದು ಗಾಡಿಯವರದು ತದ್ವಿರುದ್ಧ ಮಾತು: “ಇಪ್ಪತ್ತೈದ ಸಾಕ ತಮ್ಮಾ, ಮೊದಲ ಭಾಳ ಜಿಗೀತೈತಿ.” ಇಬ್ಬರ ಗಾಡಿಯೂ ಒಂದೇ, ಟಾಯರೂ ಒಂದೇ. ಹವಾದಲ್ಲಿ ಮಾತ್ರ ಹದಿನೈದು ಪೌಂಡಿನ ಅಂತರ. ಈ ಭಾಗದವರ ಬಾಯಲ್ಲಿ ಪಿಎಸ್‌ಐ ಎಂದರೆ ಪೌಂಡ್, ಹಾಗಾಗಿ ಇಲ್ಲಿಯೂ ಅದೇ ಇರಲಿ. ಇಬ್ಬರಲ್ಲಿ ಯಾರು ಸರಿ? ಹೇಳಬೇಕಾದರೆ ಟಾಯರನ್ನು ಸ್ವಲ್ಪ ಹತ್ತಿರದಿಂದ ಓದಬೇಕು.

ಬೆಳಗಾವಿ ಸೀಮೆಯವರಿಗೆ ದೊಡ್ಡ ಟಾಯರಿನ ಆಸೆ ಬರೀ ಚಂದಕ್ಕಾಗಿ ಬಂದದ್ದಲ್ಲ. ಊರಿನಿಂದ ಪೂರ್ವಕ್ಕೆ ಬೈಲಹೊಂಗಲ, ಸವದತ್ತಿ ಕಡೆ ಹೋದರೆ ಎರೆ ಭೂಮಿ. ಮಳೆ ಬಿದ್ದರೆ ಗಾಲಿಗೆ ಮೆತ್ತಿಕೊಂಡು ಮೇಲೇಳದ ಕಪ್ಪು ಮಣ್ಣು. ದಕ್ಷಿಣಕ್ಕೆ ಪಿರನವಾಡಿ, ದೇಸೂರು ದಾಟಿ ಖಾನಾಪುರಕ್ಕೆ ಇಳಿದರೆ ಕೆಂಪು ಜಂಬಿಟ್ಟಿಗೆಯ ನೆಲ, ಕಾಡು, ಹಳ್ಳ, ಜಾಂಬೋಟಿಯಿಂದ ಕಣಕುಂಬಿ ದಾಟಿ ಚೋರ್ಲಾ ಘಟ್ಟದ ತಿರುವುಗಳು. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ, ಆಮಗಾಂವದಲ್ಲಿ ಮಳೆಗಾಲವೆಂದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆ. ಹೆದ್ದಾರಿ ಬಿಟ್ಟು ಊರೊಳಗಿನ ದಾರಿ ಹಿಡಿದರೆ ಗಾಡಿಯ ಹೊಟ್ಟೆ ಕಲ್ಲಿಗೆ ತಾಗುತ್ತದೆ. ತೋಟಕ್ಕೆ ಹೋಗುವವರು, ಹಾಲಿನ ಕ್ಯಾನ್ ತರುವವರು, ಕಟ್ಟಡದ ಕೆಲಸ ಹಿಡಿದವರು ಬೊಲೆರೋಗೋ ಥಾರ್‌ಗೋ ಒಂದು ಸೈಜ್ ದೊಡ್ಡ ಟಾಯರ್ ಹಾಕಿಸುವುದಕ್ಕೆ ಕಾರಣ ಇದೆ.

ಬೊಲೆರೋದ ಲೆಕ್ಕವನ್ನೇ ನೋಡೋಣ. ಕಂಪನಿಯ ಟಾಯರ್ 215/75 ಆರ್ 15. ಅಗಲ 215 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 75, ರಿಮ್ಮಿನ ಅಡ್ಡಳತೆ 15 ಇಂಚು. ಕೂಡಿಸಿದರೆ ಟಾಯರಿನ ಪೂರ್ತಿ ಎತ್ತರ 703 ಮಿಲಿಮೀಟರ್ ಚಿಲ್ಲರೆ. ಅದರ ಬದಲು 235/75 ಆರ್ 15 ಹಾಕಿಸಿದರೆ 733 ಚಿಲ್ಲರೆ. ಮೂರು ಸೆಂಟಿಮೀಟರ್ ಬೆಳೆದಂತಾಯಿತು. ಅದರಲ್ಲಿ ಅರ್ಧ ಆ್ಯಕ್ಸಲಿನ ಮೇಲೆ ಹೋಗುತ್ತದೆ, ಅರ್ಧ ಕೆಳಗೆ. ನೆಲದಿಂದ ಗಾಡಿ ಎದ್ದದ್ದು ಬರೀ ಒಂದೂವರೆ ಸೆಂಟಿಮೀಟರ್. ಅಷ್ಟಕ್ಕೆ ತೆರಬೇಕಾದ ಬೆಲೆಯೂ ಇದೆ. ಗಾಲಿಯ ಸುತ್ತಳತೆ ಶೇ. 4ಕ್ಕೂ ಸ್ವಲ್ಪ ಹೆಚ್ಚುತ್ತದೆ. ಮೀಟರಿನ ಮುಳ್ಳು ಎಂದಿನಂತೆ 80 ತೋರಿಸುವಾಗ ಗಾಡಿ ಮೊದಲಿಗಿಂತ ಗಂಟೆಗೆ ಮೂರು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಏರಿನಲ್ಲಿ ಎಳೆತ ಕುಗ್ಗುತ್ತದೆ, ಬ್ರೇಕಿಗೆ ಕೆಲಸ ಹೆಚ್ಚುತ್ತದೆ.

ಥಾರ್ ಕಥೆ ಇನ್ನೂ ಸ್ಪಷ್ಟ. 2020ರ ಅಕ್ಟೋಬರ್ 2ರಂದು ಮಾರುಕಟ್ಟೆಗೆ ಬಂದ ಆ ಗಾಡಿಗೆ ಕಂಪನಿಯೇ ಎರಡು ಅಳತೆಯ ಟಾಯರ್ ಕೊಟ್ಟಿತು: 245/75 ಆರ್ 16 ಮತ್ತು 255/65 ಆರ್ 18. ಎತ್ತರದಲ್ಲಿ ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ. ಇಂಥ ಕಡೆ ಕೆಳಗಿನ ಮಾದರಿಯವರು ಮೇಲಿನ ಮಾದರಿಯ ಟಾಯರನ್ನೇ ಅದರ ರಿಮ್ಮಿನ ಸಮೇತ ಹಾಕಿಸಿಕೊಂಡರೆ ಒಳ್ಳೆಯದು. ಹವಾ ಎಷ್ಟು ಎಂಬ ಪ್ರಶ್ನೆಗೆ ಕಂಪನಿಯ ಉತ್ತರವೇ ಸಿದ್ಧವಿರುತ್ತದೆ, ಕಾನೂನಿನ ತೊಡಕೂ ಕಡಿಮೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ನಮೂದಿಸಿದ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿ ಹಿಡಿಯಿತು. ಬಂಪರಿಗೆ ಉಜ್ಜುವಷ್ಟು ದೊಡ್ಡ ಟಾಯರ್ ಹಾಕಿಸಿ ಹೆದ್ದಾರಿಗೆ ಇಳಿಯುವವರು ಅಪಘಾತವಾದ ಮೇಲೆ ವಿಮೆಯ ಕಾಗದ ಹಿಡಿದು ಅಲೆಯುವ ಮೊದಲು ಈ ಮಾತು ತಿಳಿದಿರುವುದು ಲೇಸು.

ಇನ್ನು ಹವಾದ ಮಾತು. ಗಾಡಿಯ ಭಾರವನ್ನು ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. 1888ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿಯ ಟಾಯರ್ ಕಟ್ಟಿದಾಗಿನಿಂದ ಆ ಮೂಲ ಸೂತ್ರ ಬದಲಾಗಿಲ್ಲ. ರಬ್ಬರು, ನೈಲಾನು, ಉಕ್ಕಿನ ತಂತಿ ಎಲ್ಲ ಸೇರಿ ಮಾಡುವುದು ಗಾಳಿಯನ್ನು ಹಿಡಿದಿಡುವ ಕೆಲಸ. ಒಂದು ಪೌಂಡ್ ಒತ್ತಡವೆಂದರೆ ಚದರ ಸೆಂಟಿಮೀಟರಿಗೆ ಸುಮಾರು 70 ಗ್ರಾಂ. 32 ಪೌಂಡ್ ಎಂದರೆ ಎರಡೂಕಾಲು ಕೆ.ಜಿ. ಜನ, ಸಾಮಾನು ಸೇರಿ ಎರಡು ಟನ್ ತೂಗುವ ಗಾಡಿಯ ಪ್ರತಿ ಗಾಲಿಯ ಮೇಲೆ 500 ಕೆ.ಜಿ. ಬಿದ್ದರೆ, ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ 220 ಚದರ ಸೆಂಟಿಮೀಟರ್. ಬೆರಳು ಚಾಚಿ ನೆಲಕ್ಕಿಟ್ಟ ಅಂಗೈಗಿಂತ ಚೂರು ದೊಡ್ಡದು, ಅಷ್ಟೆ. ಅಂಥ ನಾಲ್ಕು ತುಣುಕುಗಳ ಮೇಲೆ ಇಡೀ ಸಂಸಾರ ಕೂತು ಚೋರ್ಲಾ ಘಟ್ಟ ಇಳಿಯುತ್ತದೆ.

ಟಾಯರಿನ ಪಕ್ಕದ ಗೋಡೆಯ ಮೇಲೆ ಅಳತೆಯ ನಂತರ ಇನ್ನೊಂದು ಸಂಖ್ಯೆ ಇರುತ್ತದೆ. ಅದು ಭಾರದ ಸೂಚ್ಯಂಕ. 215/75 ಆರ್ 15ರ ಮೇಲೆ ಸಾಮಾನ್ಯವಾಗಿ 100 ಎಂದಿರುತ್ತದೆ. ಅಂದರೆ ಪೂರ್ತಿ ಹವಾ ಇದ್ದಾಗ ಒಂದು ಟಾಯರ್ 800 ಕೆ.ಜಿ. ಹೊರಬಲ್ಲದು. 235/75 ಆರ್ 15ರ ಮೇಲೆ 105, ಅಂದರೆ 925 ಕೆ.ಜಿ. ಎರಡಕ್ಕೂ ಈ ಪೂರ್ತಿ ಹವಾ 35–36 ಪೌಂಡಿನ ಸುತ್ತಲಿನದೇ. ಒಳಗೆ ಹಿಡಿಯುವ ಗಾಳಿ ಹೆಚ್ಚಾದ್ದರಿಂದ ಅದೇ ಒತ್ತಡದಲ್ಲಿ ದೊಡ್ಡ ಟಾಯರ್ ಹೆಚ್ಚು ಹೊರುತ್ತದೆ. ಭಾರ ಮೊದಲಿನಷ್ಟೇ ಇದ್ದರೆ ಅದಕ್ಕೆ ಬೇಕಾಗುವ ಒತ್ತಡ ಕಡಿಮೆಯೇ ಹೊರತು ಹೆಚ್ಚಲ್ಲ. ಟಾಯರ್ ದೊಡ್ಡದು ಎಂಬ ಒಂದೇ ಕಾರಣಕ್ಕೆ ನಲವತ್ತು ತುಂಬಿಸುವವರ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಅಷ್ಟು ಹವಾ ಹೊಡೆದ ಟಾಯರಿನ ನಡುಭಾಗ ಉಬ್ಬಿ, ಅಂಚುಗಳು ರಸ್ತೆಯನ್ನು ಸರಿಯಾಗಿ ಹಿಡಿಯುವುದಿಲ್ಲ. ನಡು ಬೇಗ ಸವೆಯುತ್ತದೆ. ತಗ್ಗಿನ ಏಟು ನೇರವಾಗಿ ಸ್ಪ್ರಿಂಗಿಗೆ, ಅಲ್ಲಿಂದ ಬೆನ್ನಿಗೆ.

ಆದರೆ ನಲವತ್ತು ಎಂದವರು ಸರಿಯಾಗಿರುವ ಒಂದು ಸಂದರ್ಭವಿದೆ. ಟಾಯರಿನ ಅಳತೆಯ ಮುಂದೆ ಎಲ್‌ಟಿ ಎಂಬ ಎರಡಕ್ಷರ ಇದ್ದರೆ ಅದು ಬೇರೆಯೇ ಜಾತಿ. ಹಗುರ ಲಾರಿಗಳಿಗೆಂದು ಮಾಡಿದ, ಗಟ್ಟಿ ಪದರಗಳ ಟಾಯರ್ ಅದು. ಕಲ್ಲುಮುಳ್ಳಿನ ದಾರಿಗೆ ಹೇಳಿಮಾಡಿಸಿದ್ದು, ಪಕ್ಕದ ಗೋಡೆ ಸುಲಭಕ್ಕೆ ಹರಿಯುವುದಿಲ್ಲ. ಅದೇ 235/75 ಆರ್ 15 ಎಲ್‌ಟಿ ಆಗಿ ಬಂದರೆ ಸಾಮಾನ್ಯವಾಗಿ ಅದರ ಸೂಚ್ಯಂಕ 104, ಅಂದರೆ 900 ಕೆ.ಜಿ.; ಅಷ್ಟು ಹೊರಲು ಅದಕ್ಕೆ 50 ಪೌಂಡ್ ಬೇಕು. ಹಳೆಯ ಟಾಯರ್ 36 ಪೌಂಡಿನಲ್ಲಿ ಹೊರುತ್ತಿದ್ದ 800 ಕೆ.ಜಿ.ಯನ್ನು ಇದು ಹೊರಬೇಕಾದರೆ 40 ದಾಟಲೇಬೇಕು. ನೋಡುವುದಕ್ಕೆ ಒಂದೇ ಗಾತ್ರದ, ಒಂದೇ ಕಪ್ಪು ಬಣ್ಣದ ಎರಡು ಟಾಯರುಗಳ ನಡುವೆ ಇಷ್ಟು ಅಂತರ. ಹೀಗಿರುವಾಗ ಪಕ್ಕದ ಮನೆಯವರ ಥಾರ್‌ಗೆ ಎಷ್ಟು ಹಾಕಿಸುತ್ತಾರೆ ಎಂದು ಕೇಳಿಕೊಂಡು ಬಂದು ಅಷ್ಟೇ ಹಾಕಿಸಿದರೆ ಏನು ಬಂತು? ಟಾಯರ್ ಕಂಪನಿಗಳು ಭಾರ ಮತ್ತು ಒತ್ತಡದ ಕೋಷ್ಟಕ ಪ್ರಕಟಿಸುತ್ತವೆ. ಟಾಯರ್ ಮಾರುವ ಅಂಗಡಿಯಲ್ಲಿ ಅದನ್ನು ಕೇಳಿ ಪಡೆಯುವುದು ಗಿರಾಕಿಯ ಹಕ್ಕು. ಸಾವಿರಾರು ರೂಪಾಯಿ ಎಣಿಸಿ ಕೊಡುವಾಗ ಆ ಒಂದು ಪುಟವನ್ನೂ ಕೇಳಬೇಕು.

ಗೋಡೆಯ ಮೇಲಿನ ಇನ್ನೊಂದು ಬರಹ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ‘ಮ್ಯಾಕ್ಸ್ ಪ್ರೆಶರ್’ ಎಂದು 44 ಅಥವಾ 51 ಎಂಬ ಸಂಖ್ಯೆ ಕೆತ್ತಿರುತ್ತದೆ. ಇದಕ್ಕಿಂತ ಮೇಲೆ ಹೋಗಬೇಡಿ ಎಂಬ ಎಚ್ಚರಿಕೆ ಅದು, ಇಷ್ಟು ತುಂಬಿಸಿ ಎಂಬ ಸಲಹೆಯಲ್ಲ.

ಹಾಗಾದರೆ ಇಪ್ಪತ್ತೈದು ಎಂದವರು ಸರಿಯೇ? ಅದಕ್ಕೆ ಉತ್ತರ ಅಮೆರಿಕದಲ್ಲಿ ಸಿಗುತ್ತದೆ, ಬಹಳ ದುಃಖದ ಉತ್ತರ. 1990ರಲ್ಲಿ ಫೋರ್ಡ್ ಕಂಪನಿ ಎಕ್ಸ್‌ಪ್ಲೋರರ್ ಎಂಬ ಗಾಡಿ ತಂದಿತು. ಇವತ್ತು ಎಸ್‌ಯುವಿ ಎಂದು ಕರೆಯುವ ಬಗೆಯ ಗಾಡಿಯನ್ನು ಅಮೆರಿಕದ ಮನೆಮನೆಗೆ ಒಯ್ದದ್ದು ಅದೇ. ಅದಕ್ಕೆ ಫೈರ್‌ಸ್ಟೋನ್ ಟಾಯರ್. ಚೀಟಿಯ ಮೇಲೆ ಫೋರ್ಡ್ ಬರೆದ ಸಂಖ್ಯೆ 26 ಪೌಂಡ್. ಎತ್ತರದ ಗಾಡಿ, ಹವಾ ಕಡಿಮೆ ಇದ್ದರೆ ಸವಾರಿ ಮೆತ್ತಗಿರುತ್ತದೆ, ಸರಕ್ಕನೆ ತಿರುಗಿಸಿದಾಗ ಮಗುಚುವ ಭಯವೂ ತಗ್ಗುತ್ತದೆ ಎಂಬ ಲೆಕ್ಕ ಅದರ ಹಿಂದಿತ್ತು. ವರ್ಷಗಳು ಕಳೆದಂತೆ ಅರಿಝೋನಾ, ಟೆಕ್ಸಸ್, ಫ್ಲಾರಿಡಾದಂಥ ಬಿಸಿಲ ನಾಡುಗಳಿಂದ ಒಂದೇ ಬಗೆಯ ಸುದ್ದಿ ಬರತೊಡಗಿತು. ಹೆದ್ದಾರಿಯ ವೇಗದಲ್ಲಿ ಟಾಯರಿನ ಮೇಲ್ಪದರ ಒಳಗಿನ ಉಕ್ಕಿನ ಪಟ್ಟಿಯಿಂದ ಬಿಟ್ಟು ಸುಲಿದು ಹೋಗುವುದು, ಗಾಡಿ ಉರುಳುವುದು.

2000ದ ಆಗಸ್ಟ್ 9ರಂದು ಫೈರ್‌ಸ್ಟೋನ್ 65 ಲಕ್ಷ ಟಾಯರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಎಣಿಕೆಯಂತೆ ಈ ಟಾಯರುಗಳೊಂದಿಗೆ ಗಂಟು ಬಿದ್ದ ಸಾವುಗಳು 271. ಟಾಯರಿನ ವಿನ್ಯಾಸ, ಡಿಕೇಟರ್ ಊರಿನ ಕಾರ್ಖಾನೆಯ ತಯಾರಿಕೆ, ಗಾಡಿಯ ಮಗುಚುವ ಗುಣ, ಕಡಿಮೆ ಹವಾ — ಯಾವುದರ ಪಾಲು ಎಷ್ಟು ಎಂದು ಎರಡೂ ಕಂಪನಿಗಳು ವರ್ಷಗಟ್ಟಲೆ ಕಿತ್ತಾಡಿದವು. 26 ಸಾಲದು, 30 ಬೇಕು ಎಂದಿತು ಫೈರ್‌ಸ್ಟೋನ್. ಹೆನ್ರಿ ಫೋರ್ಡ್ ಮತ್ತು ಹಾರ್ವಿ ಫೈರ್‌ಸ್ಟೋನ್ ಕಾಲದಿಂದ ಬಂದ, ನೂರು ವರ್ಷದ ಹತ್ತಿರದ ನಂಟು 2001ರ ಮೇ ತಿಂಗಳಲ್ಲಿ ಕಡಿದುಹೋಯಿತು. ಈ ಅನಾಹುತದ ಬೆನ್ನಿಗೇ ಅಮೆರಿಕ ಹೊಸ ಕಾಯ್ದೆ ತಂದಿತು. ಹವಾ ಇಳಿದರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿಸುವ ಸಾಧನ ಅಲ್ಲಿನ ಕಾರುಗಳಿಗೆ ಕಡ್ಡಾಯವಾದದ್ದು ಅದರ ಫಲ.

ಕಡಿಮೆ ಹವಾದ ಟಾಯರ್ ಏಕೆ ಸಿಡಿಯುತ್ತದೆ ಎಂಬುದು ಸರಳ. ಗಾಲಿ ಒಂದು ಸುತ್ತು ಉರುಳುವಾಗ ಪಕ್ಕದ ಗೋಡೆ ಒಮ್ಮೆ ಬಾಗಿ ಒಮ್ಮೆ ನೆಟ್ಟಗಾಗುತ್ತದೆ. ಹವಾ ಕಡಿಮೆಯಾದಷ್ಟೂ ಬಾಗು ಹೆಚ್ಚು, ಬಾಗು ಹೆಚ್ಚಿದಷ್ಟೂ ಕಾವು ಹೆಚ್ಚು. ಆ ಕಾವು ರಬ್ಬರಿಗೂ ಉಕ್ಕಿಗೂ ಇರುವ ಬೆಸುಗೆಯನ್ನು ಬಿಡಿಸುತ್ತದೆ. ಏಪ್ರಿಲ್ ಮಧ್ಯಾಹ್ನ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹಿರೇಬಾಗೇವಾಡಿ ದಾಟಿ ನೂರರ ವೇಗದಲ್ಲಿ, ಏಳು ಜನ ಮತ್ತು ಮದುವೆಯ ಸಾಮಾನು ಹೇರಿಕೊಂಡು, 25 ಪೌಂಡಿನ ಮೆತ್ತನೆಯ ಗಾಲಿಯ ಮೇಲೆ ಹೋಗುವ ಗಾಡಿಯನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ. ಕೋಷ್ಟಕದ ಪ್ರಕಾರ ದೊಡ್ಡ ಟಾಯರಿಗೆ ಕಡಿಮೆ ಹವಾ ಸಾಕು ನಿಜ. ಆದರೆ ಕೋಷ್ಟಕ ಹೇಳುವುದು ಕನಿಷ್ಠವನ್ನು. ಬಿಸಿಲು, ವೇಗ, ಭಾರ ಮೂರೂ ಒಟ್ಟಿಗೆ ಬಂದ ದಿನ ಕೈಯಲ್ಲಿ ನಾಲ್ಕಾರು ಪೌಂಡ್ ಉಳಿತಾಯ ಇರಬೇಕು. ಆದ್ದರಿಂದ ಅದೇ ಜಾತಿಯ ದೊಡ್ಡ ಟಾಯರ್ ಹಾಕಿಸಿದವರು ಬಾಗಿಲ ಚೀಟಿಯ ಸಂಖ್ಯೆಯಿಂದಲೇ ಶುರು ಮಾಡುವುದು, ಟಾರು ರಸ್ತೆಯಲ್ಲಿ ಅದಕ್ಕಿಂತ ಕೆಳಗೆ ಇಳಿಯದಿರುವುದು ಕ್ಷೇಮ. ಗಾತ್ರ ಹೆಚ್ಚಿತೆಂದು ಅದರ ಮೇಲೆ ಹತ್ತು ಪೌಂಡ್ ಏರಿಸುವ ಅಗತ್ಯವೂ ಇಲ್ಲ. ಎಲ್‌ಟಿ ಹಾಕಿಸಿದವರು ಕೋಷ್ಟಕ ನೋಡಿ ಏರಿಸಲೇಬೇಕು.

ಇಲ್ಲಿಂದ ಮುಂದೆ ಗಾಡಿಯನ್ನೇ ಕೇಳುವ ಕೆಲಸ. ಮೊದಲು ತೂಕ. ಕಬ್ಬಿನ ನಾಡಾದ ಬೆಳಗಾವಿಯಲ್ಲಿ ಕಾಟಾಕ್ಕೆ ಬರವಿಲ್ಲ. ಲಾರಿ, ಟ್ರ್ಯಾಕ್ಟರ್ ತೂಗುವ ಯಾವ ಕಾಟಾದಲ್ಲಾದರೂ ಅಲ್ಪ ಹಣಕ್ಕೆ ಚೀಟಿ ಕೊಡುತ್ತಾರೆ. ಎಂದಿನಂತೆ ಜನ, ಸಾಮಾನು ಇರುವಾಗಲೇ ಹೋಗಬೇಕು. ಮುಂದಿನ ಗಾಲಿಗಳನ್ನು ಮಾತ್ರ ಹಲಗೆಯ ಮೇಲೆ ನಿಲ್ಲಿಸಿ ಒಂದು ತೂಕ, ಪೂರ್ತಿ ಗಾಡಿ ನಿಲ್ಲಿಸಿ ಇನ್ನೊಂದು. ಒಟ್ಟು 2,100 ಕೆ.ಜಿ. ಬಂದು ಮುಂದಿನದು 980 ಇದ್ದರೆ ಹಿಂದಿನ ಆ್ಯಕ್ಸಲಿನ ಮೇಲೆ 1,120. ಹಿಂದಿನ ಒಂದು ಗಾಲಿಗೆ 560. ಈ ಸಂಖ್ಯೆ ಕೈಗೆ ಬಂದ ಮೇಲೆ ಕೋಷ್ಟಕ ಓದುವುದು ಮಗ್ಗಿ ಓದಿದಷ್ಟು ಸುಲಭ. ಮುಂದೆ ಹಿಂದೆ ಒಂದೇ ಹವಾ ಇರಬೇಕೆಂಬ ನಿಯಮವೇನೂ ಇಲ್ಲವೆಂಬುದೂ ಆಗ ತಾನಾಗಿ ತಿಳಿಯುತ್ತದೆ.

ಆಮೇಲೆ ಸೀಮೆಸುಣ್ಣ. ಇದು ಹಳಬರ ಪರೀಕ್ಷೆ, ನೋಡಲೂ ಸೊಗಸು. ಬೆಳಿಗ್ಗೆ ಗಾಲಿ ತಣ್ಣಗಿರುವಾಗ ಹವಾ ಸರಿಮಾಡಿ, ಟಾಯರಿನ ಮೈಮೇಲೆ ಈ ಅಂಚಿನಿಂದ ಆ ಅಂಚಿನವರೆಗೆ ಅಡ್ಡಲಾಗಿ ದಪ್ಪ ಗೆರೆ ಎಳೆಯಬೇಕು. ರಬ್ಬರಿನ ಉಬ್ಬುಗಳ, ಅಂದರೆ ಗುಬ್ಬಿಗಳ ಮೇಲೆಲ್ಲ ಸುಣ್ಣ ಕೂರುವಂತೆ ಎರಡು ಮೂರು ಸಲ ತೀಡಬೇಕು. ಒಣಗಿದ, ಸಮತಟ್ಟಾದ ರಸ್ತೆ ನೋಡಿ ಸ್ವಲ್ಪ ದೂರ ತಿರುವಿಲ್ಲದೆ ನೇರಕ್ಕೆ ಓಡಿಸಿ, ಇಳಿದು, ಗಾಲಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು ನೋಡಬೇಕು. ಗೆರೆ ಉದ್ದಕ್ಕೂ ಒಂದೇ ಸಮ ಮಾಸಿದ್ದರೆ ಹವಾ ಸರಿ. ನಡುವೆ ಅಳಿಸಿಹೋಗಿ ಎರಡೂ ಅಂಚಿನಲ್ಲಿ ಬೆಳ್ಳಗೆ ಉಳಿದಿದ್ದರೆ ಹವಾ ಹೆಚ್ಚಾಗಿದೆ. ಅಂಚು ಅಳಿಸಿ ನಡುವೆ ಉಳಿದಿದ್ದರೆ ಕಡಿಮೆ. ಎರಡು ಪೌಂಡ್ ಇಳಿಸಿ ಇಲ್ಲವೇ ಏರಿಸಿ, ಮತ್ತೆ ಗೆರೆ ಎಳೆದು, ಮತ್ತೆ ಓಡಿಸಿ ನೋಡಬಹುದು. ಈಗಿನ ರೇಡಿಯಲ್ ಟಾಯರಿನ ಒಳಗೆ ಉಕ್ಕಿನ ಪಟ್ಟಿ ಇರುವುದರಿಂದ ಮೈ ಬೇಗ ಉಬ್ಬುವುದಿಲ್ಲ. ಹಾಗಾಗಿ ಸುಣ್ಣದ ಗೆರೆ ದಿಕ್ಕು ತೋರುತ್ತದೆ, ತೀರ್ಪು ಕೊಡುವುದಿಲ್ಲ.

ಮೂರನೆಯದು ಕಾವಿನ ಲೆಕ್ಕ. ಆಸ್ಟ್ರೇಲಿಯಾದ ಫೋರ್‌ವ್ಹೀಲ್ ಗಾಡಿಯವರು ಇದನ್ನು ಬಹಳ ನಂಬುತ್ತಾರೆ. ಹೊರಡುವ ಮೊದಲು ತಣ್ಣನೆಯ ಹವಾ ಅಳೆದುಕೊಂಡು, ಮುಕ್ಕಾಲು ಗಂಟೆ ಹೆದ್ದಾರಿಯಲ್ಲಿ ಓಡಿಸಿ, ನಿಲ್ಲಿಸಿದ ಕೂಡಲೇ ಮತ್ತೆ ಅಳೆಯುವುದು. ಸುಮಾರು 4 ಪೌಂಡ್ ಏರಿದ್ದರೆ ಸರಿ. ಎಲ್‌ಟಿ ಟಾಯರಿಗೆ 6 ಎಂಬುದು ರೂಢಿ. ಅದಕ್ಕಿಂತ ಹೆಚ್ಚು ಏರಿದರೆ ಟಾಯರ್ ಅತಿಯಾಗಿ ಬಾಗಿ ಕಾದಿದೆ, ಅಂದರೆ ಮೊದಲೇ ಹವಾ ಕಡಿಮೆ ಇತ್ತು. ಕ್ಯಾಂಪಿನಿಂದ ಹೊರಟು ಖಾನಾಪುರ ದಾಟಿ ಲೋಂಡಾ ಕಡೆಗೆ ಹೋಗುವ 748ನೇ ಹೆದ್ದಾರಿ ಈ ಪರೀಕ್ಷೆಗೆ ಚೆನ್ನಾಗಿ ಒದಗುತ್ತದೆ. ಒಂದು ಎಚ್ಚರ: ಕಾದ ಟಾಯರಿನಲ್ಲಿ ಹವಾ ಏರಿದೆ ಎಂದು ಅಲ್ಲಿಯೇ ಅದನ್ನು ಇಳಿಸಬಾರದು. ತಣ್ಣಗಾದ ಮೇಲೆ ಅದು ಚೀಟಿಗಿಂತ ಕೆಳಗಿಳಿದಿರುತ್ತದೆ.

ಹವಾ ಋತುವಿನ ಜೊತೆಗೂ ಏರಿಳಿಯುತ್ತದೆ. ಬೆಳಗಾವಿಯ ಬೇಸಿಗೆಯಲ್ಲಿ 35 ಡಿಗ್ರಿ ಇರುವಾಗ 32 ಪೌಂಡ್ ಹಾಕಿಸಿ ಮರೆತವರ ಟಾಯರಿನಲ್ಲಿ, ಒಂದು ಹನಿ ಹವಾ ಸೋರದಿದ್ದರೂ, ಡಿಸೆಂಬರಿನ 13 ಡಿಗ್ರಿಯ ಮುಂಜಾವಿನಲ್ಲಿ 29ಕ್ಕಿಂತ ಕೆಳಗೇ ಇರುತ್ತದೆ. ಐದಾರು ಡಿಗ್ರಿಗೆ ಒಂದು ಪೌಂಡ್ ಎಂದು ನೆನಪಿಟ್ಟುಕೊಂಡರೆ ಸಾಕು. ಎತ್ತರಕ್ಕೂ ಪಾಲಿದೆ. ಬೆಳಗಾವಿ ಇರುವುದು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲೆ. ಘಟ್ಟ ಇಳಿದು ಪಣಜಿ ಮುಟ್ಟುವಷ್ಟರಲ್ಲಿ ಹೊರಗಿನ ಗಾಳಿಯ ಒತ್ತಡ ಹೆಚ್ಚಿ, ಕಾವು ಅಷ್ಟೇ ಇದ್ದರೆ ಗೇಜಿನಲ್ಲಿ ಒಂದು ಪೌಂಡಿಗೂ ಮಿಕ್ಕಿ ಕಡಿಮೆ ಕಾಣುತ್ತದೆ. ಗೋವಾದಲ್ಲಿ ವಾಲ್ ಸೋರಿತೆಂದು ಗಾಬರಿ ಬೀಳಬೇಕಾಗಿಲ್ಲ.

ಪೆಟ್ರೋಲ್ ಪಂಪುಗಳಲ್ಲಿ ಹವಾ ಉಚಿತವಾಗಿ ಹೊಡೆಯಬೇಕೆಂಬ ನಿಯಮವಿದೆ. ಆದರೆ ಪಂಪಿನ ಗೇಜನ್ನು ಎಷ್ಟೋ ಗಾಡಿಗಳು ದಿನವಿಡೀ ಎಳೆದಾಡಿರುತ್ತವೆ. ನೆಲಕ್ಕೆ ಬಿದ್ದ ಗೇಜು ಸತ್ಯ ಹೇಳುವುದಿಲ್ಲ. ಸ್ವಂತದ್ದೊಂದು ಒಳ್ಳೆಯ ಗೇಜು ಗಾಡಿಯಲ್ಲಿ ಇರಲೇಬೇಕು. ಮೂರು ತಾಸು ನಿಂತ ಗಾಡಿಯಲ್ಲಿ, ಬಿಸಿಲು ಬೀಳುವ ಮೊದಲು ಅಳೆದ ಹವಾವೇ ನಿಜವಾದ ಹವಾ. ನೈಟ್ರೋಜನ್ ತುಂಬಿಸಿದರೆ ಈ ಕಷ್ಟವಿಲ್ಲ ಎನ್ನುವವರಿಗೆ ಇಷ್ಟು ಹೇಳಬಹುದು: ಸಾಮಾನ್ಯ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ಸೋರುವುದು ಸ್ವಲ್ಪ ನಿಧಾನವಾದೀತು, ಅಳೆಯುವ ಕೆಲಸ ತಪ್ಪದು.

ಖಾನಾಪುರದ ಮಳೆಯಲ್ಲಿ ಹವಾದ ಪ್ರಶ್ನೆ ಪ್ರಾಣದ ಪ್ರಶ್ನೆ. ನಾಸಾದ ಸಂಶೋಧಕರು ವಿಮಾನದ ಗಾಲಿಗಳಿಗೆಂದು 1960ರ ದಶಕದಲ್ಲಿ ಒಂದು ಸೂತ್ರ ಕಂಡುಕೊಂಡರು. ನಿಂತ ನೀರಿನ ಮೇಲೆ ಟಾಯರ್ ನೆಲ ಬಿಟ್ಟು ತೇಲತೊಡಗುವ ವೇಗ ಒಳಗಿನ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರಿಳಿಯುತ್ತದೆ. 32 ಪೌಂಡಿಗೆ ಆ ವೇಗ ಗಂಟೆಗೆ ಸುಮಾರು 94 ಕಿಲೋಮೀಟರ್; 25 ಪೌಂಡಿಗೆ 83. ಗುಬ್ಬಿ ಚೆನ್ನಾಗಿರುವ ಕಾರಿನ ಟಾಯರ್ ನೀರನ್ನು ಪಕ್ಕಕ್ಕೆ ತಳ್ಳಿ ಇನ್ನೂ ಸ್ವಲ್ಪ ತಾಳಬಹುದು. ಸವೆದದ್ದು ತಾಳದು. ಅಗಲವಾದ ಟಾಯರಿಗೆ ತಳ್ಳಬೇಕಾದ ನೀರೂ ಹೆಚ್ಚು. ಅಂದರೆ ದೊಡ್ಡ ಟಾಯರ್ ಹಾಕಿಸಿ ಹವಾ ಇಳಿಸಿದವರು, ನೀರು ನಿಂತ ಗಣೇಬೈಲ್ ಹತ್ತಿರದ ರಸ್ತೆಯಲ್ಲಿ, ಮಳೆಯಲ್ಲಿ ತಮ್ಮ ಹಿಡಿತವನ್ನು ಎರಡು ಕಡೆಯಿಂದ ಬಿಟ್ಟುಕೊಟ್ಟಂತೆ.

ಹವಾ ಇಳಿಸಲೇಬೇಕಾದ ಜಾಗವೂ ಇದೆ. ಜಾಂಬೋಟಿಯ ಆಚೆ ಟಾರು ಮುಗಿದು ಕೆಸರು ಶುರುವಾದಲ್ಲಿ 30 ಪೌಂಡಿನ ಗಟ್ಟಿ ಗಾಲಿ ಗುಂಡಿ ತೋಡಿಕೊಂಡು ಕೂರುತ್ತದೆ. 20ರ ಸುಮಾರಿಗೆ ಇಳಿಸಿದರೆ ಟಾಯರ್ ಉದ್ದಕ್ಕೆ ಹರಡಿಕೊಂಡು, ಕಲ್ಲಿನ ಮೇಲೆ ಮಡಿಸಿಕೊಂಡು ಹಿಡಿಯುತ್ತದೆ. ದೊಡ್ಡ ಟಾಯರಿನ ನಿಜವಾದ ಲಾಭ ತೆರೆದುಕೊಳ್ಳುವುದು ಇಲ್ಲಿ. ಗೋಡೆ ಎತ್ತರವಿರುವುದರಿಂದ ಹವಾ ಇಳಿಸಿದರೂ ರಿಮ್ಮು ನೆಲಕ್ಕೆ ಬಡಿಯುವುದು ಕಡಿಮೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಸೇನೆ ಬಳಸಿದ, ನೀರಿನಲ್ಲೂ ನೆಲದಲ್ಲೂ ಓಡುವ ಡಕ್ ಎಂಬ ಲಾರಿಯಲ್ಲಿ ಚಾಲಕ ಕೂತಲ್ಲಿಂದಲೇ ಗಾಲಿಯ ಹವಾ ಏರಿಸಿ ಇಳಿಸುವ ಏರ್ಪಾಡಿತ್ತು. ಮರಳಿಗೊಂದು ಒತ್ತಡ, ರಸ್ತೆಗೊಂದು ಒತ್ತಡ ಎಂಬ ಸತ್ಯ ಅಷ್ಟು ಹಿಂದೆಯೇ ಯಂತ್ರದೊಳಗೆ ಸೇರಿತ್ತು. ಇಲ್ಲಿನ ಚಾಲಕರಿಗೆ ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಸಾಕು. ಹವಾ ಇಳಿಸಿದ ಮೇಲೆ ವೇಗ ಗಂಟೆಗೆ 30 ಕಿಲೋಮೀಟರ್ ದಾಟಬಾರದು, ಸ್ಟೇರಿಂಗ್ ಸರಕ್ಕನೆ ಎಳೆಯಬಾರದು, ಎಳೆದರೆ ಟಾಯರ್ ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಟಾರು ಸಿಕ್ಕ ಕೂಡಲೇ ನಿಲ್ಲಿಸಿ ಮತ್ತೆ ತುಂಬಬೇಕು. “ಊರಿಗೆ ಹೋಗಿ ತುಂಬ್ಸೋಣ ಬಿಡ್ರಿ” ಎನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ. ಈ ಕೆಸರಿನ ಸವಾರಿ ಹಳ್ಳಿಗೆ, ಹೊಲಕ್ಕೆ ಹೋಗುವ ದಾರಿಗಷ್ಟೇ ಇರಲಿ. 2011ರಲ್ಲಿ ಅಭಯಾರಣ್ಯವಾದ ಭೀಮಗಡದ ಕಾಡಿನೊಳಗೆ ಗಾಲಿ ಇಳಿಸುವುದು ಅಪರಾಧ, ಗೋವಾದ ಕಡಲ ದಂಡೆಯ ಮೇಲೆ ಓಡಿಸುವುದೂ ಅಪರಾಧವೇ.

ಕೊನೆಗೆ ಉಳಿಯುವುದು ಸ್ಟೆಪ್ನಿ. ನಾಲ್ಕು ಗಾಲಿಗೆ ದೊಡ್ಡ ಟಾಯರ್ ಹಾಕಿಸಿ, ಐದನೆಯದನ್ನು ಹಾಗೇ ಬಿಟ್ಟ ಗಾಡಿಗಳೇ ಹೆಚ್ಚು. ಲೋಂಡಾದ ಕಾಡಿನಂಚಿನಲ್ಲಿ ರಾತ್ರಿ ಟಾಯರ್ ಹರಿದು, 703 ಮಿಲಿಮೀಟರಿನ ಹಳೆಯ ಗಾಲಿಯನ್ನು 733ರ ಪಕ್ಕ ಸಿಕ್ಕಿಸಿದರೆ ಹಿಂದಿನ ಆ್ಯಕ್ಸಲಿನ ಡಿಫರೆನ್ಷಿಯಲ್ ಉದ್ದಕ್ಕೂ ತಿಣುಕುತ್ತದೆ. ಫೋರ್‌ವ್ಹೀಲ್ ಗೇರು ಹಾಕಿದರೆ ಇನ್ನೂ ಕೆಟ್ಟದ್ದು. ಐದನ್ನೂ ಒಟ್ಟಿಗೆ ಬದಲಿಸುವುದು ಸರಿಯಾದ ಮಾರ್ಗ. ಹಣ ಸಾಲದಿದ್ದರೆ, ಹಳೆಯ ಸ್ಟೆಪ್ನಿಯನ್ನು ಮುಂದಿನ ಪಂಚರ್ ಅಂಗಡಿ ಮುಟ್ಟುವವರೆಗೆ ಮಾತ್ರ, ನಿಧಾನಕ್ಕೆ, ಟೂ‌ವ್ಹೀಲ್ ಗೇರಿನಲ್ಲೇ ಓಡಿಸಬೇಕು. ಎರಡೂ ಬಗೆಯಲ್ಲಿ ಸ್ಟೆಪ್ನಿಯ ಹವಾ ಹಿಂದಿನ ಗಾಲಿಯ ಪೂರ್ತಿ ಭಾರದ ಲೆಕ್ಕಕ್ಕಿಂತ ಎರಡು ಮೂರು ಪೌಂಡ್ ಮೇಲಿರಲಿ. ಹೆಚ್ಚಾದದ್ದನ್ನು ಎಲ್ಲಿ ಬೇಕಾದರೂ ಬಿಡಬಹುದು, ಕಡಿಮೆಯಾದದ್ದನ್ನು ತುಂಬಲು ಕಾಡಿನಲ್ಲಿ ಯಾರೂ ಸಿಗುವುದಿಲ್ಲ. ತಿಂಗಳಿಗೊಮ್ಮೆ ನಾಲ್ಕೂ ಗಾಲಿ ಅಳೆಯುವಾಗ ಗಾಡಿಯ ಹಿಂದೆ ನೇತಾಡುವ ಸ್ಟೆಪ್ನಿಯ ವಾಲಿನ ಟೋಪಿಯನ್ನೂ ಬಿಚ್ಚಿ ಗೇಜು ಹಿಡಿಯಬೇಕು.